ಎಡ ಅಂಗೈಯ ಚಂದ್ರ

ಬೆಸರಾಬಿಯ, ನೀಸ್ಟರ್ ಹೊಳೆಯ ದಂಡೆ
ಇಯಾರ್ ಮಾಸ, ಹುಣ್ಣಿಮೆಯ ಮಾರನೆಯ ದಿನ, 1895

ಮಗಳೇ ಬ್ರೈನೆ,

ನೀನು ಇನ್ನೂ ಸಮುದ್ರದ ಮೇಲಿದ್ದೀಯ, ನಾನು ಆಗಲೇ ಅರ್ಜೆಂಟೀನಾಕ್ಕೆ ಕಾಗದ ಹಾಕುತ್ತಿದ್ದೇನೆ. ನೀನು ಹೋಗಿ ಇಳಿಯುವಾಗ ಅಲ್ಲಿ ಅಪ್ಪನ ಅಕ್ಷರ ಕಾದು ಕೂತಿರಲಿ ಎಂದು. ಹೆರ್ಷ್‌ಬೇರ್ ನಗುತ್ತಾನೆ. ಪ್ರಾರ್ಥನಾ ಮಂದಿರದ ಬಾಗಿಲು ಕಾಯುವವನಿಗೆ ನಗುವುದು ಬಿಟ್ಟು ಬೇರೇನು ಕೆಲಸ? "ಏನೋ ಝನ್‌ವೆಲ್, ಹುಡುಗಿ ಹಡಗು ಹತ್ತಿ ಬೆನ್ನು ತಿರುಗಿಸಿಲ್ಲ, ಆಗ್ಲೇ ಕಾಗದ! ಅದಕ್ಕೂ ಒಂದು ಟೋಪಿ ಹೊಲಿದು ಕಳಿಸು, ಚಳಿಯಾದೀತು" ಎಂದ. ಅವನು ನನ್ನ ಎಡಗಡೆ ನಿಂತು ಹೇಳಿದ್ದರಿಂದ ನನಗೆ ಅರ್ಧ ಕೇಳಲಿಲ್ಲ. ಆ ಕಿವಿ ಮಂದವಾದದ್ದು ಇಂಥ ಮಾತಿಗೇ ಒಳ್ಳೆಯದಾಯಿತು.

ಹೋದ ಶನಿವಾರ ಸಂಜೆ ಗಂಡಸರೆಲ್ಲ ಮಂದಿರದ ಅಂಗಳದಲ್ಲಿ ನಿಂತು ಈ ತಿಂಗಳ ಚಂದ್ರನನ್ನು ಹರಸಿದೆವು. ನಿನ್ನ ಗಂಡ ನೋತೆಯೂ ಹಡಗಿನ ಮೇಲೆ ಹರಸಿರುತ್ತಾನೆ ತಾನೇ? ರೈಲು ಹೊರಡುವಾಗ ನೋತೆಗೆ ನಾನು ಹೇಳಿದ್ದು ಒಂದೇ ಮಾತು: ಕರೆಸಿಕೊಂಡ ಸಂಘದವರು ಹೊಲ ಕೊಡಲಿ ಬಿಡಲಿ, ದನ ಕೊಡಲಿ ಬಿಡಲಿ, ಪ್ರತಿ ತಿಂಗಳೂ ಮಗು ಅನ್ಷೆಲ್‌ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಚಂದ್ರನನ್ನು ಹರಸು. ಹರಸಿದವನನ್ನು ಆ ತಿಂಗಳು ಸಾವು ಮುಟ್ಟುವುದಿಲ್ಲ. ನನ್ನ ಅಪ್ಪ ಹೇಳಿದ್ದು, ಅವನ ಅಪ್ಪ ಹೇಳಿದ್ದು. ಅವಸರ ಮಾಡಬೇಡ ಎನ್ನು. ನಮ್ಮ ಊರಿನ ಪದ್ಧತಿಯಂತೆ ಚಂದ್ರ ಹುಟ್ಟಿ ಏಳು ದಿನ ಆಗಲಿ, ಮೈ ತುಂಬಿಕೊಳ್ಳಲಿ, ಆಮೇಲೆ ಹುಣ್ಣಿಮೆಯೊಳಗೆ ಹರಸಲಿ.

ನೀನು ನಿನ್ನ ಕೆಲಸ ಮರೆಯಬೇಡ. ತಿಂಗಳ ಮೊದಲ ದಿನ ಹೆಂಗಸರ ದಿನ. ಅವತ್ತು ಸೂಜಿ ಮುಟ್ಟಕೂಡದು. ನಿನ್ನ ಅಮ್ಮ ಸಾಯುವ ತಿಂಗಳೂ ಅದನ್ನು ತಪ್ಪಿಸಲಿಲ್ಲ. ಚಂದ್ರ ನಮ್ಮಲ್ಲಿ ಹೆಣ್ಣು, ಹೆಂಗಸರ ಪೈಕಿಯವಳು. ಒಂದು ಕಾಲಕ್ಕೆ ಸೂರ್ಯನಷ್ಟೇ ದೊಡ್ಡವಳಿದ್ದಳು. ಒಂದೇ ಕಿರೀಟ ಇಬ್ಬರು ಹೇಗೆ ಇಟ್ಟುಕೊಳ್ಳುವುದು ಅಂತ ಬಾಯಿ ಬಿಟ್ಟಳು, ದೇವರು ಅವಳನ್ನೇ ಕುಗ್ಗಿಸಿದ. ಆಮೇಲೆ ಅವನಿಗೇ ಕಸಿವಿಸಿಯಾಯಿತಂತೆ. ಅವಳ ವಿಷಯದಲ್ಲಿ ನನ್ನದೂ ತಪ್ಪಿದೆ, ನನ್ನ ಪರವಾಗಿ ಒಂದು ಪ್ರಾಯಶ್ಚಿತ್ತ ಮಾಡಿ ಅಂದನಂತೆ. ಇದನ್ನು ನೀನು ಚಿಕ್ಕವಳಿದ್ದಾಗ ದಿನಾ ಕೇಳಿ ನಿದ್ದೆ ಮಾಡುತ್ತಿದ್ದೆ.

ಕೈ ಲೆಕ್ಕ ನೆನಪಿದೆಯಾ? ಎರಡೂ ಕೈ ಚಂದ್ರನ ಕಡೆ ಎತ್ತಿ ಹಿಡಿದಾಗ ಅವಳ ಉಬ್ಬಿದ ಹೊಟ್ಟೆ ಬಲ ಅಂಗೈಯಲ್ಲಿ ಕೂತರೆ ಬೆಳೆಯುತ್ತಿದ್ದಾಳೆ, ಎಡ ಅಂಗೈಯಲ್ಲಿ ಕೂತರೆ ಸವೆಯುತ್ತಿದ್ದಾಳೆ. ಕೊಡುವ ಕೈ, ಕಳೆಯುವ ಕೈ. ಪಂಚಾಂಗ ಕಳೆದುಹೋದರೂ ಕೈ ಕಳೆದುಹೋಗುವುದಿಲ್ಲ. ಅನ್ಷೆಲ್‌ಗೆ ಕಲಿಸು.

ನಿನ್ನ ಅಪ್ಪ ಝನ್‌ವೆಲ್


ಬೆಸರಾಬಿಯ
ಆವ್ ಮಾಸ, 1895

ಬ್ರೈನೆ,

ಎಲ್ಲರ ಮನೆಗೂ ಕಾಗದ ಬಂತು. ಟಾರು ಮಾರುವವನ ಮಗ ಬರೆದಿದ್ದಾನೆ, ಅವನಿಗೆ ಹೆಸರು ಬರೆಯಲೂ ಬರುತ್ತಿರಲಿಲ್ಲ. ನೀನು ಅಕ್ಷರ ಕಲಿತದ್ದು ಯಾಕೆ, ಅಪ್ಪನ ಹೊಟ್ಟೆ ಉರಿಸಲಿಕ್ಕಾ?

ಕೋಪ ಮಾಡಿಕೊಂಡಿಲ್ಲ. ಸುಮ್ಮನೆ ಬರೆದೆ. ಎರಡು ಸಾಲು ಹಾಕು. "ಚೆನ್ನಾಗಿದ್ದೇವೆ" ಎಂದು ಒಂದೇ ಸಾಲು ಹಾಕಿದರೂ ಸಾಕು. ಕುರಿತೊಗಲು ಕತ್ತರಿಸುವಾಗ ಕೈ ತಪ್ಪುತ್ತಿದೆ. ನಿನ್ನೆ ಪೋಲೀಸಿನವನ ಟೋಪಿ ಒಂದು ಬೆರಳು ಚಿಕ್ಕದಾಗಿಬಿಟ್ಟಿತು. ಅವನ ತಲೆ ಊದಿದೆ ಎಂದು ಸಾಧಿಸಿದೆ.

ಅಪ್ಪ


ಎಂತ್ರೆ ರಿಯೋಸ್, ಅರ್ಜೆಂಟೀನಾ
ಎಲುಲ್ ಮಾಸ, 1895

ಅಪ್ಪಾ,

ತಡವಾಯಿತು. ಬಂದವಳೇ ಜ್ವರದಲ್ಲಿ ಮಲಗಿದೆ. ಈಗ ಎದ್ದಿದ್ದೇನೆ, ಓಡಾಡುತ್ತೇನೆ. ಕೂದಲು ಉದುರಿದೆ, ತಲೆವಸ್ತ್ರದ ಕೆಳಗೆ ಯಾರಿಗೂ ಕಾಣುವುದಿಲ್ಲ.

ನಮಗೆ ಹೊಲ ಕೊಟ್ಟಿದ್ದಾರೆ. ಕಣ್ಣು ಹಾಯಿಸಿದಷ್ಟೂ ಹುಲ್ಲು, ಮರವಿಲ್ಲ. ನೋತೆ ಬಾವಿ ತೋಡುತ್ತಿದ್ದಾನೆ. ಎರಡು ಎತ್ತು, ಒಂದು ಹಸು ಕೊಟ್ಟಿದ್ದಾರೆ. ಹಸುವಿಗೆ ಯಿಡ್ಡಿಷ್ ಬರುವುದಿಲ್ಲ, ಗದರಿದರೆ ಸುಮ್ಮನೆ ನೋಡುತ್ತದೆ.

ಇಲ್ಲಿ ಎಲ್ಲ ತಿರುಗಾಮುರುಗಾ. ಈಗ ನಿಮ್ಮಲ್ಲಿ ಪ್ಲಮ್ ಹಣ್ಣು ಮಾಗಿರಬೇಕು, ಇಲ್ಲಿ ಪೀಚ್ ಗಿಡ ಹೂಬಿಟ್ಟಿದೆ. ವಸಂತದ ಪೆಸಾಹ್ ಹಬ್ಬದ ತಿಂಗಳಲ್ಲಿ ಹೂವಿನ ಮರವನ್ನು ಹರಸುತ್ತೇವಲ್ಲ, ಆ ತಿಂಗಳಲ್ಲಿ ಇಲ್ಲಿ ಎಲೆ ಉದುರುತ್ತದಂತೆ. ಮಳೆ ಬೇಡುವುದು ಯಾವಾಗ, ಇಬ್ಬನಿ ಬೇಡುವುದು ಯಾವಾಗ ಎಂದು ಗಂಡಸರು ಪ್ರತಿ ಶನಿವಾರ ಜಗಳವಾಡುತ್ತಾರೆ. "ನಾವು ಬೇಡಿದ್ದು ಬೆಸರಾಬಿಯಾಕ್ಕೆ ಹೋಗಿ ಸುರೀತದೆ, ಅವರು ಬೇಡಿದ್ದು ಇಲ್ಲಿ" ಎಂದು ಪಶು ಕೊಯ್ಯುವ ಶೋಖೆತ್ ಹೇಳಿ ನಕ್ಕ. ನಾನು ನಗಲಿಲ್ಲ.

ಅನ್ಷೆಲ್ ಮಲಗಿದ್ದಾನೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಎದೆಗೆ ಬೆಚ್ಚಗೆ ಕಟ್ಟಿಕೊಳ್ಳಿ.

ಬ್ರೈನೆ


ಬೆಸರಾಬಿಯ
ಹೆಷ್ವಾನ್ ಮಾಸ, 1895

ನನ್ನ ಕಣ್ಣೇ ಬ್ರೈನೆ,

ಕಾಗದ ಬಂತು! ಮಂದಿರದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹಸುವಿಗೆ ಯಿಡ್ಡಿಷ್ ಬರುವುದಿಲ್ಲ ಎಂಬಲ್ಲಿ ರಬ್ಬಿಯೇ ನಕ್ಕರು.

ಕೂದಲು ಹೋದರೆ ಹೋಗಲಿ, ತಲೆ ಇದೆಯಲ್ಲ. ಪೀಚ್ ಹೂವಿನ ವಿಷಯ ರಬ್ಬಿಯನ್ನು ಕೇಳಿದೆ. ಗಡ್ಡ ಕೆರೆದುಕೊಂಡು, "ಹೂ ಕಂಡಾಗ ಹರಸಲಿ, ಹೂವಿಗೆ ತಿಂಗಳು ಗೊತ್ತಿಲ್ಲ" ಎಂದರು. ಅವರು ನಿಜವಾಗಿ ಹಾಗೆ ಹೇಳಿದರೋ ನಾನು ಎಡಗಿವಿಯಲ್ಲಿ ಹಾಗೆ ಕೇಳಿಸಿಕೊಂಡೆನೋ, ಏನಾದರಾಗಲಿ, ಹರಸಿಬಿಡು.

ಮಲಗಿದ್ದಾನಂತೆ! ನನ್ನ ಮೊಮ್ಮಗ ಹಗಲು ಹೊತ್ತು ಮಲಗುವವನೇ ಅಲ್ಲ. ಅಲ್ಲಿಯ ಗಾಳಿ ಒಳ್ಳೆಯದಿರಬೇಕು. ಎಷ್ಟು ಮಾತು ಕಲಿತ? ನೋತೆ ಅವನನ್ನು ಎತ್ತಿಕೊಂಡು ಹೋಗುತ್ತಾನಾ? ಚಂದ್ರನನ್ನು ನೋಡಿ ಕೈ ಚಾಚುತ್ತಾನಾ, ಇಲ್ಲಿ ಚಾಚುತ್ತಿದ್ದ ಹಾಗೆ? ಅದನ್ನು ಬರೆಯಲೇ ಇಲ್ಲವಲ್ಲ ನೀನು. ಹಸುವಿನ ಬಗ್ಗೆ ಬರೆದಿದ್ದೀಯ.

ಈ ಗಂಟಿನಲ್ಲಿ ಅವನಿಗೊಂದು ಟೋಪಿ ಇದೆ. ಆಗಷ್ಟೇ ಹುಟ್ಟಿದ ಕುರಿಮರಿಯ ತೊಗಲು, ಬೆಣ್ಣೆಯ ಹಾಗಿದೆ. ಗದ್ದಕ್ಕೆ ಕಟ್ಟಲು ದಾರವನ್ನೂ ಹೊಲಿದಿದ್ದೇನೆ. ಅದು ಹೆರ್ಷ್‌ಬೇರ್ ಹೇಳಿಕೊಟ್ಟ ಬುದ್ಧಿ. "ಅವರೆಲ್ಲ ಭೂಮಿ ಅಡೀಲಿ ತಲೆಕೆಳಗಾಗಿ ನಡೀತಾರೆ ಕಣೋ, ದಾರ ಇಲ್ದಿದ್ರೆ ಟೋಪಿ ಆಕಾಶಕ್ಕೆ ಬೀಳ್ತದೆ" ಎಂದ. ಎರಡು ವರ್ಷದ ತಲೆಗೆ ಅಳತೆ ಹಾಕಿ, ಬೆಳೆಯಲಿ ಎಂದು ಒಂದು ಬೆರಳು ಹೆಚ್ಚೇ ಬಿಟ್ಟಿದ್ದೇನೆ.

ಅಪ್ಪ


ಎಂತ್ರೆ ರಿಯೋಸ್
ಶ್ವಾತ್ ಮಾಸ, 1896

ಅಪ್ಪಾ,

ಟೋಪಿ ಬಂತು. ಹಾಕಲು ತಲೆಯಿಲ್ಲ.

ಕೂತುಕೊಂಡು ಓದಿ. ಹೆರ್ಷ್‌ಬೇರ್ ಅವರನ್ನು ಹತ್ತಿರ ಕರೆದುಕೊಳ್ಳಿ.

ಅನ್ಷೆಲ್ ನಾವು ಇಲ್ಲಿಗೆ ಬಂದ ಹೊಸದರಲ್ಲೇ ಹೋದ. ಹಡಗಿನಲ್ಲಿ ಚೆನ್ನಾಗಿದ್ದ. ಇಯಾರ್ ತಿಂಗಳಲ್ಲಿ ನೋತೆ ಅವನನ್ನು ಹೆಗಲ ಮೇಲಿಟ್ಟುಕೊಂಡು ಹಡಗಿನ ಅಟ್ಟದ ಮೇಲೆ ಚಂದ್ರನನ್ನು ಹರಸಿದ. ನಾನು ಕೆಳಗೆ ವಾಂತಿ ಮಾಡಿಕೊಂಡು ಮಲಗಿದ್ದೆ, ನೋಡಲಿಲ್ಲ. ಇಳಿದ ಮೇಲೆ ರೈಲ್ವೆ ಠಾಣೆಯ ಹತ್ತಿರ ಒಂದು ದೊಡ್ಡ ತಗಡಿನ ಕೊಟ್ಟಿಗೆಯಲ್ಲಿ ಎಲ್ಲರನ್ನೂ ಹಾಕಿದರು. ಅಲ್ಲಿ ಜ್ವರ ಹತ್ತಿತು. ಮೊದಲು ನನಗೆ, ಆಮೇಲೆ ಅವನಿಗೆ. ನಡುವೆ ಒಂದು ಕಂಬಳಿ ಕಟ್ಟಿದ್ದರು. ಅವನ ಅಳು ಕೇಳುತ್ತಿತ್ತು, ಎತ್ತಿಕೊಳ್ಳಲು ನನಗೆ ಕೈ ಏಳುತ್ತಿರಲಿಲ್ಲ.

ಒಂದು ಸಲ ಅಳು ನಿಂತಿತು. ಬಾಗಿಲು ತೆರೆದಿತ್ತು. ಬೆಳಗಿನ ನಸುಕೋ ಸಂಜೆಯ ಮಬ್ಬೋ ನನಗೆ ಗೊತ್ತಾಗಲಿಲ್ಲ, ಆದರೆ ಚಂದ್ರ ಕಂಡಳು, ಉಗುರಿನಷ್ಟು. ನೀವು ಕಲಿಸಿದ ಹಾಗೆ ಕೈ ನೋಡಿಕೊಂಡೆ. ಎಡ ಅಂಗೈಯಲ್ಲಿ ಕೂತಳು. ಸವೆದು ಹೋಗುತ್ತಿರುವ ಚಂದ್ರ. ಇಯಾರ್ ಮುಗಿದು ಬರುವ ಸಿವಾನ್ ತಿಂಗಳ ಕೊನೆ. ಇದೊಂದು ನನಗೆ ಸ್ಪಷ್ಟವಾಗಿ ನೆನಪಿದೆ ಅಪ್ಪಾ, ಬೇರೆಲ್ಲ ಮಸುಕು.

ಕಾಯಿಲೆಯವರಿಗೆ ಸಾವು ತಿಳಿಸಬಾರದಲ್ಲ. ತಿಳಿಸಲಿಲ್ಲ. ನಾನು ಎದ್ದು ಕೂತು ಗಂಜಿ ಕುಡಿಯುವ ಹೊತ್ತಿಗೆ ಮುಂದಿನ ತಿಂಗಳು, ತಮ್ಮುಜ್, ಬಂದಿತ್ತು. ಆಗ ಹೇಳಿದರು. "ಮೂವತ್ತು ದಿನ ದಾಟಿದೆ, ಇನ್ನು ಏಳು ದಿನದ ಸೂತಕ ಇಲ್ಲಮ್ಮ. ಚಪ್ಪಲಿ ಬಿಚ್ಚಿ ಒಂದು ಗಂಟೆ ನೆಲದ ಮೇಲೆ ಕೂತ್ಕೋ, ಸಾಕು" ಎಂದರು. ಮೂವತ್ತು ದಿನ ಎಲ್ಲಿ ದಾಟಿದೆ? ತಿಂಗಳ ಕೊನೆಯಲ್ಲಿ ಹೋದವನಿಗೆ ಹದಿನೈದು ದಿನವೂ ಆಗಿರಲಿಲ್ಲ. ನನ್ನ ಮಗನಿಗೆ ಒಂದು ಗಂಟೆ! ಒಂದು ಗಂಟೆಯಲ್ಲಿ ಒಣ ಕಾಳೂ ಬೇಯುವುದಿಲ್ಲ. ನನ್ನ ಏಳು ದಿನ ಕದ್ದರು.

ನೋತೆ ಮಾತ್ರ ಸೂತಕ ಕೂತನಂತೆ, ಒಬ್ಬನೇ. ಅವನನ್ನು ಕೇಳಿದೆ: "ಸಿವಾನ್ ತಿಂಗಳು ಮಗುನ ಎತ್ಕೊಂಡು ಚಂದ್ರನ್ನ ಹರಸಿದ್ಯಾ?" "ಇಲ್ಲ" ಎಂದ. "ಯಾಕೆ?" "ಹೊತ್ತು ಬಂದಿರ್ಲಿಲ್ಲ. ಅವನು ಹೋದದ್ದು ತಿಂಗಳ ಮೊದಲಲ್ಲಿ, ಶಾವುವೋತ್ ಹಬ್ಬಕ್ಕೆ ಮುಂಚೆ" ಎಂದ. "ನನ್ನ ಕಣ್ಣಾರೆ ನೋಡಿದ್ದೀನಿ, ಸುಳ್ಳು ಹೇಳ್ಬೇಡ. ಇಡೀ ಪಕ್ಷ ಇತ್ತು ನಿನ್ ಕೈಲಿ" ಎಂದೆ. ಅವತ್ತಿನಿಂದ ಅವನು ಆ ಮಾತಿಗೆ ಉತ್ತರ ಕೊಡುವುದನ್ನೇ ಬಿಟ್ಟ. ಕೊಟ್ಟಿಗೆಯಲ್ಲಿದ್ದವರು ಬೇರೆ ಬೇರೆ ಊರುಗಳಿಗೆ ಚದುರಿಹೋದರು, ಕೇಳಲು ಯಾರೂ ಇಲ್ಲ.

ಹರಸಲು ಮರೆತಿದ್ದಾನೆ ಅಪ್ಪಾ. ಮರೆತು ಸುಳ್ಳು ಹೇಳುತ್ತಿದ್ದಾನೆ. ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ ಈಗ ನಮ್ಮಿಬ್ಬರ ಮಾತು.

ಈ ತಿಂಗಳ ಮೊದಲ ದಿನ ನಾನು ಸೂಜಿ ಹಿಡಿದೆ. ಬೆಳಗಿನಿಂದ ಸಂಜೆವರೆಗೂ ಚೀಲ ಹೊಲಿದೆ. ಹೋದ ತಿಂಗಳೂ ಹೊಲಿದಿದ್ದೆ. ಚಂದ್ರನನ್ನು ನಾನು ತಲೆಯೆತ್ತಿ ನೋಡುವುದಿಲ್ಲ.

ಬ್ರೈನೆ


ಬೆಸರಾಬಿಯ
ನೀಸಾನ್ ಮಾಸ, 1896

ಮಗಳೇ,

ಓದಿದೆ. ಹೆರ್ಷ್‌ಬೇರ್ ಪಕ್ಕದಲ್ಲೇ ಇದ್ದ. ಅವನು ಅವತ್ತು ಏನೂ ತಮಾಷೆ ಮಾಡಲಿಲ್ಲ.

ರಬ್ಬಿಯ ಹತ್ತಿರ ಹೋಗಿ ನಾನು ಎಷ್ಟು ಹೊತ್ತು ಕೂರಬೇಕು ಎಂದು ಕೇಳಿದೆ. ಮಗನಿಗೆ ಅಪ್ಪ ಕೂರಬೇಕು, ಅಪ್ಪನಿಗೆ ಮಗ ಕೂರಬೇಕು, ಮೊಮ್ಮಗನಿಗೆ ತಾತ ಕೂರುವ ವಿಧಿಯಿಲ್ಲ ಎಂದರು. ನನಗೆ ಆ ಒಂದು ಗಂಟೆಯೂ ಇಲ್ಲವಂತೆ ಬ್ರೈನೆ. ಮನೆಗೆ ಬಂದು ಬಾಗಿಲು ಹಾಕಿ, ಜೋಡು ಬಿಚ್ಚಿ, ಒಲೆಯ ಪಕ್ಕ ನೆಲದ ಮೇಲೆ ಕೂತೆ. ಕದ್ದ ಗಂಟೆ. ದೇವರು ಲೆಕ್ಕ ಕೇಳಿದರೆ ಕೊಡುತ್ತೇನೆ.

ನೋತೆಗೆ ನಾನು ಕೊಟ್ಟದ್ದು ಒಂದೇ ಕೆಲಸ. ರೈಲಿನ ಕಿಟಕಿ ಹಿಡಿದುಕೊಂಡು ಹೇಳಿದ್ದೆ. ಇದನ್ನು ಅವನಿಗೆ ಓದಿ ಹೇಳು: ಒಂದು ಕೆಲಸ ಕೊಟ್ಟೆ, ಅದನ್ನೂ ಮಾಡಲಿಲ್ಲ ನೀನು, ನನ್ನ ಮಗಳನ್ನೂ ಮೊಮ್ಮಗನನ್ನೂ ಯಾರ ಕೈಯಲ್ಲಿಟ್ಟು ಕಳಿಸಿದೆ ಎಂದು ಈಗ ತಿಳಿಯಿತು. ಹೀಗೇ ಓದು. ಒಂದು ಅಕ್ಷರ ಬಿಡಬೇಡ.

ಅವನ ಮಾತಿಗಿಂತ ಚಂದ್ರನ ಮಾತು ನಂಬು. ಗಂಡಸು ಸುಳ್ಳು ಹೇಳುತ್ತಾನೆ, ಅವಳು ಹೇಳುವುದಿಲ್ಲ.

ಇಲ್ಲಿ ಈ ತಿಂಗಳೆಲ್ಲ ಮೋಡ. ನನಗೆ ಹೊರಗೆ ಹೋಗಿ ಹರಸಲು ಆಗುತ್ತಿಲ್ಲ.

ಅಪ್ಪ


ಎಂತ್ರೆ ರಿಯೋಸ್
ತಮ್ಮುಜ್ ಮಾಸ, 1896

ಅಪ್ಪಾ,

ನೀವು ಹೇಳಿದಂತೆ ಒಂದು ಅಕ್ಷರ ಬಿಡದೆ ಓದಿದೆ. ನೋತೆ ಚಮಚ ಕೆಳಗಿಟ್ಟ. "ನಿಮ್ಮಪ್ಪನೂ ಅಂದ್ರಾ" ಎಂದ. ಎದ್ದು ಬಾವಿಯ ಕಡೆ ಹೋದ. ಹಗ್ಗ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ, ನೀರು ಸೇದಲಿಲ್ಲ.

ನಿಮ್ಮ ಕಾಗದದಿಂದ ನನಗೆ ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ.

ಅನ್ಷೆಲ್‌ನ ವರ್ಷದ ದೀಪ ಹಚ್ಚಿದೆ, ಸಿವಾನ್ ಕೊನೆಯಲ್ಲಿ. ನೋತೆ ದೀಪ ನೋಡಿದ, ಪ್ರಾರ್ಥನೆ ಹೇಳಿದ. ಅವನ ರೀತಿಯೇ ವಿಚಿತ್ರವಾಗಿದೆ. ಶಾವುವೋತ್‌ಗೆ ಒಂದೆರಡು ದಿನ ಮುಂಚೆ ಅವನು ಹಸುವಿನ ಕೊಟ್ಟಿಗೆಗೆ ಹೋದವನು ಊಟಕ್ಕೂ ಬರಲಿಲ್ಲ. ಹೋಗಿ ನೋಡಿದರೆ ಒಂದು ದೀಪ ಹಚ್ಚಿಕೊಂಡು ಹುಲ್ಲಿನ ಮೇಲೆ ಕೂತಿದ್ದಾನೆ. "ಏನ್ ಮಾಡ್ತಿದ್ದೀಯ?" ಎಂದೆ. "ಹಸುಗೆ ಹುಷಾರಿಲ್ಲ" ಎಂದ. ಹಸು ಚೆನ್ನಾಗಿ ಮೆಲುಕು ಹಾಕುತ್ತಿತ್ತು. ಕುಡಿಯುತ್ತಿದ್ದಾನೇನೋ ಎಂದು ವಾಸನೆ ನೋಡಿದೆ, ಇಲ್ಲ.

ಉತ್ತರದಲ್ಲಿ ಹೊಸ ರೈಲು ಹಾದಿ ಹಾಕುತ್ತಿದ್ದಾರೆ, ಗೋಧಿ ಕೊಯ್ಲು ಮುಗಿಸಿ ಅಲ್ಲಿಗೆ ಹೋಗುತ್ತೇನೆ ಎಂದಿದ್ದಾನೆ. ಗಾಡಿಯ ಎವಾರಿಸ್ತೋಗೆ ಹೇಳಿಯೂ ಇಟ್ಟಿದ್ದಾನೆ. "ಎಷ್ಟು ದಿನಕ್ಕೆ?" ಎಂದೆ. "ನೀನು ಕರೆಯೋವರ್ಗೆ" ಎಂದ. "ಹೋಗು" ಎಂದೆ. ನಾನು ಕರೆಯುವುದಿಲ್ಲ ಎಂದು ಅವನಿಗೂ ಗೊತ್ತು. ಇಲ್ಲಿಂದ ಹಾಗೆ ಹೋದ ಇಬ್ಬರು ಗಂಡಸರು ವಾಪಸ್ ಬಂದಿಲ್ಲ. ಅಪ್ಪಾ, ಅವನು ಹೋಗಲಿ ಎಂದು ಬಾಯಿ ಹೇಳುತ್ತದೆ. ಅವನ ಅಂಗಿ ಒಣಗಿದ್ದರೂ ಮತ್ತೆ ನೀರಿಗೆ ಹಾಕುತ್ತೇನೆ. ಹೋದರೆ ಅನ್ಷೆಲ್‌ನ ಮುಖ ನೆನಪಿರುವವರು ಈ ದೇಶದಲ್ಲಿ ನಾನೊಬ್ಬಳೇ.

ಇನ್ನೊಂದು ವಿಷಯ. ನನ್ನ ಕಣ್ಣು ಕೆಟ್ಟಿದೆಯೇನೋ. ನಿನ್ನೆ ಸಂಜೆ ಒಗೆದ ಬಟ್ಟೆ ತೆಗೆಯುವಾಗ ಅಕಸ್ಮಾತ್ ತಲೆಯೆತ್ತಿದೆ. ವರ್ಷದ ಮೇಲೆ ಮೊದಲ ಸಲ. ಸೂರ್ಯ ಮುಳುಗಿದ ಕಡೆಯೇ ಚಂದ್ರ ಇದ್ದಳು, ತೆಳ್ಳಗೆ. ತಮ್ಮುಜ್ ಹುಟ್ಟಿ ಮೂರೋ ನಾಲ್ಕೋ ದಿನ ಎಂದು ಶೋಖೆತ್ ಹೇಳಿದ್ದರು. ಕೈ ಹಿಡಿದೆ, ಎಡ ಅಂಗೈಯಲ್ಲಿ ಕೂತಳು, ಮುದುಕಿ. ತಿಂಗಳ ಮೊದಲಲ್ಲಿ ಮುದುಕಿ ಹೇಗೆ? ಜ್ವರದಲ್ಲಿ ಕೂದಲ ಜೊತೆ ಬುದ್ಧಿಯೂ ಹೋಗಿದೆ. ನೀವು ಕಲಿಸಿದ ಲೆಕ್ಕವೂ ಮರೆತುಹೋಯಿತು ಎಂದು ಅತ್ತೆ, ಬಟ್ಟೆ ಹಿಡಿದುಕೊಂಡೇ.

ಬ್ರೈನೆ


ಬೆಸರಾಬಿಯ
ಎಲುಲ್ ಮಾಸ, 1896

ಬ್ರೈನೆ, ನನ್ನ ಮಗಳೇ,

ಮೊದಲು ಇದನ್ನು ಓದು, ಉಳಿದದ್ದು ಆಮೇಲೆ: ನೋತೆಯನ್ನು ಹೋಗಲು ಬಿಡಬೇಡ. ಈ ಕಾಗದ ಕೈಯಲ್ಲಿ ಹಿಡಿದುಕೊಂಡೇ ಅವನ ಹತ್ತಿರ ಓಡು.

ನಿನ್ನ ಕಾಗದ ಓದಿ ಮೊದಲು ಹೆದರಿದೆ, ಹುಡುಗಿಯ ಕಣ್ಣು ಹೋಯಿತಲ್ಲಪ್ಪಾ ಎಂದು. ಮಂದಿರದಲ್ಲಿ ಹೇಳಿಕೊಂಡೆ. ಹೆರ್ಷ್‌ಬೇರ್ ಎಂದಿನಂತೆ ಬಾಯಿ ಹಾಕಿದ: "ಕಣ್ಣಿಗೇನೂ ಆಗಿಲ್ಲ ಬಿಡೋ. ತಲೆಕೆಳಗಾಗಿ ನಿಂತು ನೋಡಿದ್ರೆ ಎಡ ಬಲ ಆಗ್ತದೆ, ಬಲ ಎಡ ಆಗ್ತದೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ತೊಗಲು ಹಿಡಿದವನಿಗೆ ಸೂಜಿ ಓಡಲಿಲ್ಲ.

ಈಗ ಒಂದು ನಿಜ ಹೇಳಬೇಕು. ಇಲ್ಲಿ ಮೋಡ ಇರಲಿಲ್ಲ. ಒಂದು ದಿನವೂ ಇರಲಿಲ್ಲ. ಮಗುವಿನ ಸುದ್ದಿ ಬಂದ ಮೇಲೆ ನಾನೇ ಹರಸಲು ಹೋಗುವುದನ್ನು ಬಿಟ್ಟೆ. ಮಂಡಿ ನೋವು ಎಂದು ಊರಿಗೆ ಹೇಳಿದೆ, ಮೋಡ ಎಂದು ನಿನಗೆ ಹೇಳಿದೆ. ಊರಿಗೆಲ್ಲ ಚಂದ್ರನ ಭರವಸೆ ಕೊಟ್ಟವನು ನಾನು. ಯಾವ ಮುಖ ಹೊತ್ತುಕೊಂಡು ಅವಳ ಎದುರು ನಿಲ್ಲಲಿ?

ಈ ತಿಂಗಳು ಹೋದೆ. ಅರ್ಧ ಚಂದ್ರ, ಹೊಟ್ಟೆ ಬಲಕ್ಕೆ. ಜನ ಹರಸಿ ಮುಗಿಸುವ ತನಕ ಕಾದೆ. ಆಮೇಲೆ ಅವಳಿಗೆ ಬೆನ್ನು ಹಾಕಿ, ಕಾಲು ಅಗಲಿಸಿ, ಬಗ್ಗಿ, ಕಾಲುಗಳ ನಡುವಿನಿಂದ ನೋಡಿದೆ. ಎಪ್ಪತ್ತರ ಹತ್ತಿರದ ಮುದುಕ, ಹಬ್ಬದ ಕೋಟು, ಮಂದಿರದ ಅಂಗಳದಲ್ಲಿ! ಟೋಪಿ ಬಿತ್ತು, ನಾನು ಅದಕ್ಕೆ ದಾರ ಹೊಲಿದಿರಲಿಲ್ಲ. "ಝನ್‌ವೆಲ್‌ಗೆ ಹುಚ್ಚು ಹಿಡೀತು, ಹಿಡ್ಕೊಳ್ರೋ" ಎಂದು ಯಾರೋ ಕೂಗಿದರು. ಕೂಗಲಿ. ನಾನು ಅವಳನ್ನು ಕಂಡೆ ಬ್ರೈನೆ. ಅದೇ ಚಂದ್ರ, ಹೊಟ್ಟೆ ಎಡಕ್ಕೆ. ನೀನು ಅಲ್ಲಿ ನಿಂತು ನೋಡುವ ಚಂದ್ರ.

ಆದ್ದರಿಂದ ಕೇಳು. ಆ ತಗಡಿನ ಕೊಟ್ಟಿಗೆಯ ಬಾಗಿಲಲ್ಲಿ ನೀನು ಕಂಡದ್ದು ಸವೆದ ಚಂದ್ರನಲ್ಲ, ಆಗಷ್ಟೇ ಹುಟ್ಟಿದವಳು. ಅದು ಸಂಜೆ, ಬೆಳಗಲ್ಲ. ಸಿವಾನ್‌ನ ಮೊದಲ ದಿನಗಳು, ಕೊನೆಯಲ್ಲ. ನೋತೆ ಹೇಳಿದ್ದು ಅಕ್ಷರ ಅಕ್ಷರ ನಿಜ. ಹರಸುವ ಹೊತ್ತು ಬಂದಿರಲಿಲ್ಲ. ಹಡಗಿನಲ್ಲಿ ಹರಸಿದ ತಿಂಗಳು ಮುಗಿದಿತ್ತು, ಹೊಸದಕ್ಕೆ ಏಳು ದಿನ ತುಂಬಿರಲಿಲ್ಲ. ಆ ಸಂದಿಯಲ್ಲಿ ಮಗು ಹೋಯಿತು. ನಿನ್ನ ಏಳು ದಿನವನ್ನು ಯಾರೂ ಕದಿಯಲಿಲ್ಲ, ಮೂವತ್ತು ದಿನ ನಿಜವಾಗಿ ದಾಟಿತ್ತು. ಇದರಲ್ಲಿ ಸಮಾಧಾನ ಏನಿದೆ? ಏನೂ ಇಲ್ಲ. ಮಗು ಬರುವುದಿಲ್ಲ. ಆದರೆ ನೋತೆಯ ಮೇಲಿದ್ದ ಕಲ್ಲು ಬೀಳುತ್ತದೆ.

ಹಸುಗೆ ಹುಷಾರಿಲ್ಲವಂತೆ, ಹಸು! ಶಾವುವೋತ್‌ಗೆ ಮುಂಚೆ ಕೊಟ್ಟಿಗೆಯಲ್ಲಿ ದೀಪ ಹಚ್ಚಿಕೊಂಡು ಯಾರಿಗೋಸ್ಕರ ಕೂತಿದ್ದ ಅವನು? ನಿನಗೆ ಹೊಳೆಯಲಿಲ್ಲವಾ? ಅವನು ಮಗನ ದೀಪವನ್ನು ಕದ್ದು ಹಚ್ಚುತ್ತಿದ್ದಾನೆ ಮಗಳೇ. ನಾನು ಗಂಟೆ ಕದ್ದ ಹಾಗೆ.

ಅವನದ್ದು ತಪ್ಪಲ್ಲ, ನಿನ್ನ ಕಣ್ಣಿನದ್ದೂ ಅಲ್ಲ. ಕೈ ಲೆಕ್ಕ ಕಲಿಸಿದವನು ನಾನು. ನನ್ನ ಕೈ ಈ ಊರಿಗಷ್ಟೇ ಸರಿ ಎಂದು ನನಗೆ ಗೊತ್ತಿರಲಿಲ್ಲ. ಅದರ ಮೇಲೆ ಆ ಕಾಗದ ಬೇರೆ ಬರೆದೆ. ಇದು ಎಲುಲ್, ಕ್ಷಮೆ ಕೇಳುವ ತಿಂಗಳು. ನೋತೆಗೆ ಇದನ್ನೂ ಒಂದು ಅಕ್ಷರ ಬಿಡದೆ ಓದು: ಅಳಿಯಂದಿರೇ, ಝನ್‌ವೆಲ್ ತಪ್ಪು ಮಾಡಿದ, ಕ್ಷಮಿಸಿ. ದೇವರೇ ಚಂದ್ರನ ವಿಷಯದಲ್ಲಿ ತನ್ನ ತಪ್ಪು ಒಪ್ಪಿಕೊಂಡ ಮೇಲೆ ಟೋಪಿ ಹೊಲಿಯುವವನಿಗೆ ಎಂಥ ನಾಚಿಕೆ?

ಬಗ್ಗಿದ್ದಕ್ಕೋ ಏನೋ ಎದೆ ಸ್ವಲ್ಪ ಹಿಡಿದುಕೊಂಡಿದೆ. ಬೆಚ್ಚಗೆ ಕಟ್ಟಿಕೊಂಡಿದ್ದೇನೆ. ಬೇಗ ಬರೆ. ಅವನು ಹೋದನಾ ಇದ್ದಾನಾ, ಅದೊಂದು ಬರೆ.

ಅಪ್ಪ


ಎಂತ್ರೆ ರಿಯೋಸ್
ಕಿಸ್ಲೇವ್ ಮಾಸದ ಕೊನೆ, 1896

ಹೆರ್ಷ್‌ಬೇರ್ ಮಾವ,

ಹೊಳೆ ತುಂಬಿ ದಾರಿ ಕಟ್ಟಿದ್ದರಿಂದ ಎರಡು ತಿಂಗಳ ಅಂಚೆ ಠಾಣೆಯಲ್ಲೇ ಬಿದ್ದಿತ್ತು. ನಿಮ್ಮ ಕಾಗದ ಮತ್ತು ಅಪ್ಪನ ಕಾಗದ ಒಂದೇ ಚೀಲದಲ್ಲಿ ಬಂದವು. ತಂದುಕೊಟ್ಟವನು ಗಾಡಿಯ ಎವಾರಿಸ್ತೋ, ನೋತೆಯನ್ನು ಕರೆದೊಯ್ಯಲು ಬಂದಿದ್ದವನೇ. ಕೊಯ್ಲು ಮುಗಿದಿತ್ತು. ನೋತೆಯ ಗಂಟು ಬಾಗಿಲ ಹತ್ತಿರ ಇತ್ತು.

ನಿಮ್ಮದು ಮೇಲಿತ್ತು. ಅದನ್ನೇ ಮೊದಲು ಓದಿದೆ. ಉಪವಾಸದ ದೊಡ್ಡ ದಿನ ಮುಗಿದ ಸಂಜೆ ಅಪ್ಪ ಎಲ್ಲರ ಜೊತೆ ಚಂದ್ರನನ್ನು ಹರಸಿದರು, ಮತ್ತೆ ಬಗ್ಗಿ ನೋಡಿದರು, "ಮಗಳನ್ನ ಮಾತಾಡಿಸ್ಕೊಂಡು ಬರ್ತೀನಿ ತಾಳಿ" ಅಂದರು, ಆ ವಾರವೇ ಹೋದರು ಎಂದು ಬರೆದಿದ್ದೀರಿ. ಮುಂದಿನ ತಿಂಗಳು ಮಂದಿರದಲ್ಲಿ ಸೇರುವ ನೀವು ಹತ್ತೂ ಜನ ಅವರ ನೆನಪಿಗೆ ಬಗ್ಗಿದಿರಂತೆ, ನಿಮ್ಮ ಸೊಂಟ ಹಿಡಿದುಕೊಂಡಿತಂತೆ. ಎಣ್ಣೆ ಹಚ್ಚಿಕೊಳ್ಳಿ ಮಾವ.

ಮೂವತ್ತು ದಿನ ದಾಟಿಹೋಗಿತ್ತು. ಸಮುದ್ರದ ಈಚೆಗೆ ಬಂದವರಿಗೆ ಎಲ್ಲ ಸಾವೂ ಒಂದು ಗಂಟೆಯದ್ದೇ. ಚಪ್ಪಲಿ ಬಿಚ್ಚಿ ನೆಲದ ಮೇಲೆ ಕೂತೆ. ನೋತೆ ಬಾಗಿಲಲ್ಲಿ ನಿಂತಿದ್ದ. "ಯಾರು?" ಎಂದ. "ಅಪ್ಪ" ಎಂದೆ. ಅವನು ಗಾಡಿಯ ಕಡೆ ಒಮ್ಮೆ ನೋಡಿದ. ಆಮೇಲೆ ಜೋಡು ಬಿಚ್ಚಿಟ್ಟು, ಬಂದು, ನನ್ನಿಂದ ಒಂದು ಮಾರು ದೂರ ನೆಲದ ಮೇಲೆ ಕೂತ. ಅಳಿಯನಿಗೆ ವಿಧಿಯಿಲ್ಲ. ಅಷ್ಟೆಲ್ಲ ಅನ್ನಿಸಿಕೊಂಡ ಅಳಿಯನಿಗಂತೂ ಇಲ್ಲವೇ ಇಲ್ಲ.

ಅಪ್ಪನ ಕಾಗದ ಆಗ ಒಡೆದೆ. ಮೊದಲ ಸಾಲನ್ನು ಎರಡು ಸಲ ಓದಿದೆ. ಕಾಗದ ಕೈಯಲ್ಲಿ ಹಿಡಿದುಕೊಂಡೇ ಓಡು ಎಂದಿದ್ದರು. ಓಡಬೇಕಾಗಿರಲಿಲ್ಲ, ಒಂದು ಮಾರು ಸರಿದರೆ ಸಾಕಿತ್ತು. ಸರಿದು ಕೂತು, ಒಂದು ಅಕ್ಷರ ಬಿಡದೆ ಓದಿದೆ. ಟೋಪಿ ಬಿದ್ದ ಕಡೆ ನೋತೆ ನಕ್ಕ, ನಗುತ್ತಲೇ ಮುಖ ಮುಚ್ಚಿಕೊಂಡ.

"ಯಾಕೆ ಸುಮ್ನಿದ್ದೆ ಇಷ್ಟು ದಿನ?" ಎಂದೆ.

"ನಾನು ಸುಳ್ಳು ಹೇಳ್ತಿಲ್ಲ ಅಂತ ನಂಗೆ ಗೊತ್ತಿತ್ತು. ನೀನೂ ಸುಳ್ಳು ಹೇಳೋಳಲ್ಲ ಅಂತ ಗೊತ್ತಿತ್ತು. ಎರಡೂ ಹೆಂಗೆ ನಿಜ ಆಗ್ತದೆ ಅಂತ ಗೊತ್ತಾಗ್ಲಿಲ್ಲ. ಆಮೇಲೆ ನಾನೂ ಮೇಲೆ ನೋಡ್ಲಿಲ್ಲ ಬ್ರೈನೆ, ಒಂದ್ ಸಲವೂ."

"ಅವತ್ತು ದೀಪದ ಹತ್ರ ಕೂತು ಹಸುಗೆ ಹುಷಾರಿಲ್ಲ ಅಂದ್ಯಲ್ಲ."

"ಬೈಯೋಕೆ ನಿಂಗೆ ಒಬ್ರು ಬೇಕಿತ್ತು. ನಾನಲ್ದೆ ಯಾರಿದ್ರು ಇಲ್ಲಿ?"

ಅಂಥವನನ್ನು ನಾನು ಒಂದೂವರೆ ವರ್ಷ ಉಪ್ಪು ಕೊಡು ಎಂದಷ್ಟೇ ಮಾತಾಡಿಸಿದ್ದೆ ಮಾವ. ಅತ್ತುಬಿಟ್ಟೆ. ಅಪ್ಪನಿಗೆ ಎಷ್ಟು ಅತ್ತೆ, ಮಗನಿಗೆ ಎಷ್ಟು, ಇವನಿಗೆ ಎಷ್ಟು ಎಂದು ಹೇಳಲಾರೆ. ಸ್ವಲ್ಪ ಹೊತ್ತಾದ ಮೇಲೆ ನೋತೆ, "ಗಂಟೆ ಆಯ್ತು, ಏಳಬೇಕು" ಎಂದ. "ಅಪ್ಪಂದು ಆಯ್ತು. ಈಗ ಅನ್ಷೆಲ್‌ಗೆ ಕೂರೋಣ. ಆಗ ನೀನೊಬ್ನೇ ಕೂತಿದ್ದೆ" ಎಂದೆ. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ನನಗೆ ಗೊತ್ತು. ರಬ್ಬಿಗೆ ಹೇಳಬೇಡಿ. ಎವಾರಿಸ್ತೋ ಎರಡು ಸಲ ಕೂಗಿದ, ಒಳಗೆ ಇಣುಕಿ ನೋಡಿದ, ತನ್ನ ಟೋಪಿ ತೆಗೆದ, ಗಾಡಿ ತಿರುಗಿಸಿಕೊಂಡು ಹೊರಟುಹೋದ. ಹಸು ಹಾಲು ಕರೆಯಲು ಕೂಗುವ ತನಕ ಕೂತಿದ್ದೆವು. ಆ ಚಿಕ್ಕ ಟೋಪಿ ನಮ್ಮಿಬ್ಬರ ನಡುವೆ ಇತ್ತು. ಅದರ ದಾರವನ್ನು ನೋತೆ ಬೆರಳಿಗೆ ಸುತ್ತಿಕೊಂಡಿದ್ದ.

ಅಪ್ಪನಿಗೆ ಗಂಡುಮಕ್ಕಳಿಲ್ಲ. ಮಗ ವರ್ಷಪೂರ್ತಿ ಹೇಳಬೇಕಾದ ಕದ್ದೀಶ್ ಪ್ರಾರ್ಥನೆಯನ್ನು ನೋತೆ ಹೇಳುತ್ತಾನೆ. ಮುಂದಿನ ವರ್ಷ ಅನ್ಷೆಲ್‌ನ ದೀಪ ಶಾವುವೋತ್‌ಗೆ ಮುಂಚೆ, ಮನೆಯೊಳಗೆ.

ಒಂದು ಉಪಕಾರ ಮಾಡಿ ಮಾವ. ಅಪ್ಪ ಒಂದು ಪ್ರಶ್ನೆ ಕೇಳಿದ್ದರು, ಉತ್ತರ ಕೊಡುವ ಮೊದಲೇ ಹೋಗಿಬಿಟ್ಟರು. ಗೋರಿಯ ಹತ್ತಿರ ಹೋಗಿ ಹೇಳಿಬನ್ನಿ. ಬಲಗಡೆ ನಿಂತು ಗಟ್ಟಿಯಾಗಿ ಹೇಳಿ, ಎಡಗಿವಿ ಮಂದ ಅವರಿಗೆ. ನೋತೆ ಹೋಗಲಿಲ್ಲ ಎಂದು ಹೇಳಿ.

ಬ್ರೈನೆ